ತದಡಿಯ ಎಂಜಿನ್ನಿನಲ್ಲಿ ಕಾಣೆಯಾದ ಎರಡು ಥೌ

1963ರ ಆಗಸ್ಟ್. ಕುಮಟೆಯ ಒಂದು ವರ್ಕ್‌ಶಾಪಿನಲ್ಲಿ ನಾನು ಫಿಟ್ಟರ್ ಆಗಿ ಎರಡನೇ ವರ್ಷ. ತದಡಿಯ ಮಂಜಣ್ಣನ ಮೀನುಗಾರಿಕೆ ದೋಣಿಯ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಬಿಚ್ಚಿ ಕಟ್ಟುವ ಕೆಲಸ ಬಂತು. ಇಡೀ ಎಂಜಿನ್ನನ್ನು ನಾನೊಬ್ಬನೇ ಕಟ್ಟಬೇಕಾದದ್ದು ಅದೇ ಮೊದಲು.

ಆಗಸ್ಟ್ 26ರಂದು ದಡದ ಚಪ್ಪರದಲ್ಲಿ ಎಂಜಿನ್ ಬ್ಲಾಕನ್ನು ಹಲಗೆಗಳ ಮೇಲೆ ಮಗುಚಿಟ್ಟು ಎಲ್ಲವನ್ನೂ ಅಳೆದು ಡೈರಿಯಲ್ಲಿ ಬರೆದುಕೊಂಡೆ. ಪಿಸ್ಟನ್ನಿನ ಏರಿಳಿತವನ್ನು ಸುತ್ತುವಿಕೆಯಾಗಿ ಮಾಡುವ ದಂಡವೇ ಕ್ರ್ಯಾಂಕ್‌ಶಾಫ್ಟ್. ಈ ಎಂಜಿನ್ನಿನಲ್ಲಿ ಅದು ಮೂರು ಮೇನ್ ಬೇರಿಂಗುಗಳಲ್ಲಿ ಕೂರುತ್ತದೆ. ಪ್ರತಿ ಬೇರಿಂಗಿಗೂ ಅರ್ಧಚಂದ್ರದಂಥ ಎರಡು ಚಿಪ್ಪು. ಒಂದು ಬ್ಲಾಕಿನ ಕುಳಿಯಲ್ಲಿ, ಇನ್ನೊಂದು ಅದರ ಮೇಲೆ ಬಿಗಿಯುವ ಕ್ಯಾಪಿನಲ್ಲಿ. ಶಾಫ್ಟಿಗೂ ಚಿಪ್ಪಿಗೂ ನಡುವೆ ಎಣ್ಣೆ ನಿಲ್ಲಲು ಮೂರು ಥೌ ಸಂದು ಬೇಕು. ಇಂಚನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಥೌ. ಸಂದು ಕಡಿಮೆಯಾದರೆ ಬೇರಿಂಗ್ ಕಾದು ಕರಗಿ ಎಂಜಿನ್ ಹಿಡಿದುಕೊಂಡು ನಿಂತುಬಿಡುತ್ತದೆ. ನದಿ ಸಮುದ್ರ ಸೇರುವ ಅಳಿವೆಯ ತೆರೆಗಳಲ್ಲಿ ಎಂಜಿನ್ ನಿಂತರೆ ದೋಣಿ ಅಡ್ಡ ತಿರುಗಿ ಮಗುಚುತ್ತದೆ. ಮಂಜಣ್ಣನ ದೋಣಿಯಲ್ಲಿ ಹೋಗುವವರು ಆರು ಜನ.

ಹೊಸ ಚಿಪ್ಪುಗಳು ಬರಲು ಎಂಟು ದಿನ ಹಿಡಿಯಿತು. ಸೆಪ್ಟೆಂಬರ್ 3ರ ಬೆಳಿಗ್ಗೆ ಕುಳಿಗಳನ್ನು ಒರೆಸಿ, ಚಿಪ್ಪು ಕೂರಿಸಿ, ಶಾಫ್ಟ್ ಇಳಿಸಿದೆ. ಸಂದು ನೋಡಲು ಶಾಫ್ಟಿನ ಮೇಲೆ ತೆಳುವಾದ ಸೀಸದ ತಂತಿ ಇಟ್ಟು ಕ್ಯಾಪ್ ಬಿಗಿಯುತ್ತೇವೆ. ಮತ್ತೆ ಬಿಚ್ಚಿ, ಚಪ್ಪಟೆಯಾದ ತಂತಿಯ ದಪ್ಪ ಅಳೆಯುತ್ತೇವೆ. ಮೂರೂ ಕಡೆ ಬಂದದ್ದು ಒಂದೇ ಥೌ. ತಂತಿ ತೆಗೆದು ಕ್ಯಾಪ್ ಬಿಗಿದರೆ ಶಾಫ್ಟ್ ಅಲುಗಿಸಲು ಎರಡೂ ಕೈ ಬೇಕಾಯಿತು.

"ಎಂತಾ ತಮಾ, ಆತಾ?" ಎಂದ ಮಂಜಣ್ಣ.

"ಇಲ್ಲ ಮಂಜಣ್ಣ, ಬಿಗಿ ಬರ್ತದೆ."

"ಹೊಸ ಚಪ್ಪಲಿನೂ ಮೊದ್ಲು ಕಚ್ತದೆ ಮಾರಾಯಾ. ಓಡ್ತಾ ಓಡ್ತಾ ಸಡ್ಲ ಆಗ್ತದೆ. ಆಚೆಯವ್ರು ಬುಟ್ಟಿ ಬುಟ್ಟಿ ಬಂಗಡೆ ತರ್ತಿದ್ರು, ನಾ ನಿನ್ನ ತಂತಿ ನೋಡ್ತಾ ಕೂರುದಾ?"

"ಚಪ್ಪಲಿ ಕಚ್ಚಿದ್ರೆ ಬೊಬ್ಬೆ ಏಳ್ತದೆ. ಇದು ಕಚ್ಚಿದ್ರೆ ಅಳಿವೆಯಲ್ಲೇ ನಿಲ್ತದೆ."

ಹಾಗೆ ಹೇಳಿದೆನಾದರೂ ತಪ್ಪು ಎಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಎಲ್ಲವನ್ನೂ ಮತ್ತೆ ಬಿಚ್ಚಿದೆ. ಚಿಪ್ಪಿನ ದಪ್ಪ ಸರಿಯಿತ್ತು. ಶಾಫ್ಟಿನ ಅಳತೆ ಡೈರಿಯಲ್ಲಿದ್ದಂತೆಯೇ ಇತ್ತು. ಕೊನೆಗೆ ಚಿಪ್ಪಿಲ್ಲದೆ ಬರಿ ಕ್ಯಾಪ್ ಬಿಗಿದು ಕುಳಿಯ ಒಳವ್ಯಾಸ ಅಳೆದೆ. 26ರ ಅಳತೆಗಿಂತ ಎರಡು ಥೌ ಕಡಿಮೆ. ಎರಕದ ಕಬ್ಬಿಣ ಎಂಟು ದಿನದಲ್ಲಿ ಕುಗ್ಗುವುದಿಲ್ಲ. ಉಗುರಿನಿಂದ ಕೆರೆದೆ. ಹಳೇ ಎಣ್ಣೆಯ ಕಲೆ ಎಂದು ನಾನು ಬೆಳಿಗ್ಗೆ ಮೇಲಷ್ಟೇ ಒರೆಸಿ ಹಾಗೇ ಬಿಟ್ಟಿದ್ದ ಕಂದು ಬಣ್ಣ ಸಿಪ್ಪೆಯಾಗಿ ಎದ್ದಿತು.

"ಇದಕ್ಕೆ ಯಾರಾದ್ರೂ ಎಂತಾದ್ರೂ ಹಚ್ಚಿದ್ರಾ?"

ಬಲೆ ನೇಯುತ್ತಿದ್ದ ಗಣಪು, ಮಂಜಣ್ಣನ ತಮ್ಮ, ತಲೆ ಎತ್ತಿದ. "ನಾನೇ. ಉಪ್ಪುಗಾಳಿಗೆ ತುಕ್ಕು ಹಿಡಿತದೆ ಅಂತ ಗೇರುಸಿಪ್ಪೆ ಎಣ್ಣೆ ಬಳ್ದೆ. ದೋಣಿಗೂ ಅದ್ನೇ ಬಳಿಯುದಲ್ವಾ?"

"ಉಳ್ದಿದ್ರೆ ನನ್ನ ಹಣೆಗೂ ಒಂದ್ ಕೈ ಬಳಿ!" ಎಂದು ಮಂಜಣ್ಣ ಕೂಗಿದ. ಆದರೆ ಓಡ್ತಾ ಸಡಿಲವಾಗುತ್ತದೆ ಎಂಬ ಮಾತನ್ನು ಮತ್ತೆ ಎತ್ತಲಿಲ್ಲ.

ಒಣಗಿ ಗಟ್ಟಿಯಾದ ಆ ಎಣ್ಣೆ ಸೀಮೆಎಣ್ಣೆಗೆ ಜಗ್ಗಲಿಲ್ಲ. ಬಟ್ಟೆ ಸೋಡಾ ಕದಡಿದ ಬಿಸಿನೀರು, ಹಿತ್ತಾಳೆಯ ತುಂಡು ಹಿಡಿದು ಗಣಪು ಮತ್ತು ನಾನು ಮೂರು ಗಂಟೆ ಉಜ್ಜಿದೆವು. ಮತ್ತೆ ಅಳೆದೆ: ಕುಳಿ 26ರಂತೆ. ತಂತಿ: ಮೂರು, ಮೂರು, ಮೂರು. ಎಣ್ಣೆ ಹಾಕಿ ಕ್ಯಾಪ್ ಬಿಗಿದಾಗ ಶಾಫ್ಟ್ ಒಂದೇ ಕೈಗೆ ತಿರುಗಿತು.

ಎಂಜಿನ್ ಕಟ್ಟಿದವನು ಮೊದಲ ಸಲ ಜೊತೆಗೆ ಅಳಿವೆ ದಾಟಬೇಕು. ಅದು ಮಂಜಣ್ಣನ ಕಟ್ಟಳೆ. ಸೆಪ್ಟೆಂಬರ್ 7ರಂದು ನಾನು ಏಳನೆಯವನಾಗಿ ಕುಳಿತೆ. ಹದಿನೆಂಟು ನಿಮಿಷ, ಶಾಫ್ಟನ್ನು ಮುಚ್ಚಿರುವ ಕ್ರ್ಯಾಂಕ್‌ಕೇಸಿನ ಮೇಲಿಂದ ಅಂಗೈ ತೆಗೆಯಲಿಲ್ಲ. ಬೆಚ್ಚಗಾಯಿತು, ಸುಡಲಿಲ್ಲ. ತೆರೆ ದಾಟಿದ ಮೇಲೆ ಗಣಪು ನನ್ನ ಕೈಗೆ ಬೀಡಿ ಇಟ್ಟ.

ಡೈರಿಯಲ್ಲಿ 'ಕಾರಣ' ಎಂಬಲ್ಲಿ 'ಗಣಪು ಬಳಿದ ಎಣ್ಣೆ' ಎಂದು ಬರೆದಿದ್ದೆ. ದಡಕ್ಕೆ ಬಂದು ಅದನ್ನು ಹೊಡೆದುಹಾಕಿದೆ. ಎಂಟು ದಿನ ಎಂಜಿನ್ ತೆರೆದಿಟ್ಟು ಹೋದವನು ನಾನು. ಏನನ್ನು ಮುಟ್ಟಬಾರದು, ಏಕೆ ಮುಟ್ಟಬಾರದು ಎಂದು ಯಾರಿಗೂ ಹೇಳಿರಲಿಲ್ಲ. ಕುಳಿ ಒರೆಸಿದವನೂ ನಾನೇ, ಮತ್ತೆ ಅಳೆಯದವನೂ ನಾನೇ. ಆ ಸಾಲಿನ ಕೆಳಗೆ 'ನಾನು ಹೇಳಲಿಲ್ಲ, ಅಳೆಯಲಿಲ್ಲ' ಎಂದು ಬರೆದು ತಾರೀಖು ಹಾಕಿದೆ.