ಮೊದಲು ಬಂದ್ ಮಾಡು, ಆಮೇಲೆ ನೋಡು

ನೆರೆಮನೆಯ ಶಂಕ್ರಪ್ಪನ ಕಂಪ್ಯೂಟರ್ ಕೆಟ್ಟಿರಲಿಲ್ಲ. ನನ್ನ ಮೊಮ್ಮಗಳು ಬರೆದ ಪ್ರೋಗ್ರಾಮೂ ಪೂರ್ತಿ ಕೆಟ್ಟದ್ದಾಗಿರಲಿಲ್ಲ. ಅದು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದಾಗ ನಾವೇ ಹೋಗಿ ಸ್ವಿಚ್ ಆರಿಸುತ್ತಿದ್ದೆವು. ಆದದ್ದು ಇಷ್ಟೇ. ಇಷ್ಟನ್ನು ಕಂಡುಹಿಡಿಯಲು ಒಂದು ಹುಡುಗಿ ದಿನಗಟ್ಟಲೆ ರೊಟ್ಟಿ ಬಿಟ್ಟಳು.

ಕಳೆದ ವರ್ಷ ದೀಪಾವಳಿ ಮುಗಿದು, ಲಗ್ನದ ಸೀರೆಗಳ ಕೆಲಸ ಜೋರಾಗುವ ಹೊತ್ತಿನಲ್ಲಿ ನಡೆದ ಮಾತಿದು. ನಾವು ಬನಹಟ್ಟಿಯವರು. ನಮ್ಮ ಓಣಿಯಲ್ಲಿ ಯಾವ ಮನೆಯ ಬಾಗಿಲಿಗೆ ಹೋಗಿ ನಿಂತರೂ ಒಳಗಿನಿಂದ ವಿದ್ಯುತ್ ಮಗ್ಗದ ಸದ್ದು ಕೇಳುತ್ತದೆ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟು, ಲಾಳಿಗೆ ಹಾಕುವ ನೂಲು ಸುತ್ತಲು ಕುಳಿತವಳು. ಮದುವೆಯಾಗಿ ಬಂದ ಮನೆಯಲ್ಲೂ ಅದನ್ನೇ ಮಾಡಿದೆ, ಆಮೇಲೆ ಮಗ್ಗವನ್ನೂ ನಡೆಸಿದೆ. ಈ ಬರಹದಲ್ಲಿ ಕಾಗುಣಿತ ಸರಿ ಇದ್ದರೆ ಅದು ಮೊಮ್ಮಗಳು ತಿದ್ದಿದ್ದು. ಮಾತು ಮಾತ್ರ ನನ್ನವೇ.

ಮೊಮ್ಮಗಳ ಹೆಸರು ರೇಖಾ, ನನ್ನ ಮಗನ ಮಗಳು. ಜಮಖಂಡಿಯ ಕಾಲೇಜಿಗೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಬಂದು ಬಿಸಿಎ ಮುಗಿಸಿದಳು. ಮುಗಿಸಿದ ಮೇಲೆ ಅಟ್ಟದ ಮೇಲಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತಳು. ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ನವಿಲೋ ಬಳ್ಳಿಯೋ ಬರಬೇಕಾದರೆ ಮಗ್ಗದ ಮೇಲೆ ತೂತು ಹೊಡೆದ ರಟ್ಟಿನ ಕಾರ್ಡುಗಳ ಸರ ಕಟ್ಟಬೇಕು. ಯಾವ ಕಾರ್ಡಿನಲ್ಲಿ ಎಲ್ಲಿ ತೂತು ಬೀಳಬೇಕು ಅನ್ನುವ ಲೆಕ್ಕವನ್ನು ನಮ್ಮ ಓಣಿಯವರು ಮಹಾರಾಷ್ಟ್ರದ ಇಚಲಕರಂಜಿಗೆ ಹೋಗಿ ಮಾಡಿಸಿಕೊಂಡು ಬರುತ್ತಿದ್ದರು. ಆ ಲೆಕ್ಕ ಇಲ್ಲೇ ಆಗಲಿ ಎಂದು ರೇಖಾ ಒಂದು ಪ್ರೋಗ್ರಾಮ್ ಬರೆದಳು. ಚಿತ್ರ ಕೊಟ್ಟರೆ ಸಾಕು, ತೂತಿನ ಲೆಕ್ಕ ತಾನೇ ಮಾಡಿ ಇಡುತ್ತದೆ. ನಮ್ಮ ಮಗ್ಗದ ಶೆಡ್ಡಿಗೆಂದು ತೆಗೆದ ಬಳ್ಳಿಯ ದಡಿ ಛಲೋ ಬಂತು. ನಾನು ಕೈಯಾಡಿಸಿ ನೋಡಿದೆ, ಎಲ್ಲೂ ತಪ್ಪಿರಲಿಲ್ಲ.

ಅವಳ ಅಪ್ಪನಿಗೆ ಮಾತ್ರ ನಂಬಿಕೆ ಇರಲಿಲ್ಲ. ‘ನಮ್ಮ ಮಗ್ಗದ ಮ್ಯಾಲೆ ನಡದ್ರ ಏನಾತು? ಓಣಿ ಮಂದಿ ತಗೊಂಡ್ರ ಖರೆ. ಇಲ್ಲಂದ್ರ ಸುಮ್ನ ಮುಧೋಳಕ್ಕ ಹೋಗಿ ಸೋದರಮಾವನ ಮೊಬೈಲ್ ಅಂಗಡ್ಯಾಗ ಕೂಡು’ ಎಂದಿದ್ದ. ಮೊಬೈಲಿನ ಗಾಜಿಗೆ ಪ್ಲಾಸ್ಟಿಕ್ ಅಂಟಿಸುತ್ತಾ ಕೂರುವ ಹುಡುಗಿ ಅವಳಲ್ಲ ಅಂತ ನನಗೆ ಗೊತ್ತಿತ್ತು.

ಮೊದಲು ತೆಗೆದುಕೊಂಡವನು ನಮ್ಮ ಹಿತ್ತಲಿಗೆ ಹೊಂದಿಕೊಂಡ ಮನೆಯ ಶಂಕ್ರಪ್ಪ. ಅವನ ಶೆಡ್ಡಿನ ಮೂಲೆಯಲ್ಲಿ ಮಗ ಬಿಟ್ಟುಹೋದ ಒಂದು ಹಳೆಯ ಕಂಪ್ಯೂಟರ್ ಇತ್ತು. ರೇಖಾ ಹೋಗಿ ಪ್ರೋಗ್ರಾಮ್ ಹಾಕಿ, ಹೇಗೆ ಒತ್ತಬೇಕು ಅಂತ ಕಲಿಸಿ ಬಂದಳು. ಮಹಾಲಿಂಗಪುರದ ಒಬ್ಬ ವ್ಯಾಪಾರಿ ಲಗ್ನಕ್ಕೆಂದು ನವಿಲಿನ ದಡಿಯ ಸೀರೆ ಕೇಳಿದ್ದ. ಶಂಕ್ರಪ್ಪ ಆ ಚಿತ್ರ ಕೊಟ್ಟು ಗುಂಡಿ ಒತ್ತಿದ. ಮರುದಿನ ನಮ್ಮ ಬಾಗಿಲಿಗೆ ಬಂದು ನಿಂತ.

‘ನವಿಲು ಹಾರಿ ಹೋತವಾ ತಂಗಿ.’

‘ಏನಾತ್ರಿ ಕಾಕಾ?’

‘ಏನಂತ ಹೇಳಲಿ? ಸ್ಕ್ರೀನ್ ಬೆಳ್ಳಗಾತು, ನಿಂತ ಬಿಡ್ತು. ಆಮ್ಯಾಲ ತಗದ ನೋಡಿದ್ರ ನವಿಲೂ ಇಲ್ಲ, ಏನೂ ಇಲ್ಲ. ಇಂಗ್ಲೀಷಿನ್ಯಾಗ ಏನೋ ಬೈತೈತಿ.’

‘ನೀವು ಏನ ಮಾಡಿದ್ರಿ?’

‘ನಾ ಏನ ಮಾಡ್ಲಿ? ಏನೂ ಮಾಡಿಲ್ಲ.’

ರೇಖಾ ಅದೇ ಚಿತ್ರವನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡಿದಳು. ಚಿಟಿಕೆ ಹೊಡೆಯುವುದರೊಳಗೆ ಲೆಕ್ಕ ಮುಗಿಯಿತು. ಮತ್ತೆ ಹಾಕಿಕೊಟ್ಟಳು. ಶಂಕ್ರಪ್ಪನ ಶೆಡ್ಡಿನಲ್ಲಿ ಮತ್ತೆ ಹೋಯಿತು. ಕರೆಂಟ್ ಹೋಗಿರಬೇಕು ಅಂದುಕೊಂಡಳು. ಆ ಹೊತ್ತಿನಲ್ಲಿ ಮಗ್ಗ ನಡೆಯುತ್ತಿದ್ದವು ಎಂದ ಶಂಕ್ರಪ್ಪ. ವೈರಸ್ ಇರಬೇಕು ಅಂತ ಪೂರ್ತಿ ತೊಳೆದಳು. ಹಳೆಯದನ್ನು ತೆಗೆದು ಹೊಸದಾಗಿ ಹಾಕಿದಳು. ತಾನು ಬರೆದದ್ದನ್ನು ಸಾಲು ಸಾಲಾಗಿ ಓದಿದಳು, ಕೆಲವನ್ನು ಅಳಿಸಿ ಬರೆದಳು. ತಟ್ಟೆಯಲ್ಲಿ ರೊಟ್ಟಿ ಒಣಗಿ ಹಪ್ಪಳವಾಗುತ್ತಿತ್ತು, ಅವಳು ಮುಟ್ಟುತ್ತಿರಲಿಲ್ಲ. ನಾನು ಕೇಳಿದರೆ ಒಂದೇ ಉತ್ತರ.

‘ನನ್ನ ಹತ್ರ ಛಲೋ ನಡೀತೈತಿ ಆಯಿ.’

‘ನಿನ್ನ ಹತ್ರ ನಡದು ಯಾರಿಗೆ ಬೇಕಾಗೇತಿ ಬೇ? ಅಲ್ಲೆ ನಡೀಬೇಕು.’

ಅಷ್ಟರೊಳಗೆ ಓಣಿಯಲ್ಲಿ ಮಾತು ಹಬ್ಬಿತು. ತೆಗೆದುಕೊಳ್ಳುತ್ತೇವೆ ಅಂದಿದ್ದ ಇನ್ನಿಬ್ಬರು, ಶಂಕ್ರಪ್ಪನದು ಏನಾಗುತ್ತದೋ ನೋಡೋಣ ಅಂತ ಹಿಂದೆ ಸರಿದರು. ಒಂದು ಬುಧವಾರ ಸಂಜೆ ಶಂಕ್ರಪ್ಪ ಮತ್ತೆ ಬಂದ. ಕೆಟ್ಟ ಮನುಷ್ಯನಲ್ಲ ಅವನು. ಚಪ್ಪಲಿಯನ್ನೂ ಬಿಡದೆ ಅಂಗಳದಲ್ಲೇ ನಿಂತು ಹೇಳಿದ.

‘ತಂಗಿ, ಬ್ಯಾಸರ ಮಾಡ್ಕೋಬ್ಯಾಡ. ಶುಕ್ರವಾರದ ಮಟಾ ನೋಡ್ತೀನಿ. ಆಗ್ಲಿಲ್ಲಂದ್ರ ಇಚಲಕರಂಜಿಗೆ ಹೋಗವ ನಾನು. ನನ್ನ ಮಗ್ಗಾ ಖಾಲಿ ಕೂತಾವು.’

ಅವನು ಹೋದ ಮೇಲೆ ನನ್ನ ಮಗ ಫೋನ್ ತೆಗೆದು ಮುಧೋಳದವರ ಜೊತೆ ಅದೂ ಇದೂ ಮಾತಾಡಿದ. ರೇಖಾ ಎದ್ದು ಅಟ್ಟ ಹತ್ತಿದಳು.

ಮರುದಿನ ಮಧ್ಯಾಹ್ನ ನಾನು ಅವಳ ಕೋಣೆಗೆ ಹೋದೆ. ಮತ್ತೆ ಫೋನಿನಲ್ಲಿ ಶಂಕ್ರಪ್ಪನಿಗೆ ಅದೇ ಪ್ರಶ್ನೆ ಕೇಳುತ್ತಿದ್ದಳು, ಅವನು ಅದೇ ಉತ್ತರ ಕೊಡುತ್ತಿದ್ದ. ನನಗೆ ಸಿಟ್ಟು ಬಂತು.

‘ಹಿತ್ತಲ ಜಿಗಿದ್ರ ಅವನ ಶೆಡ್ ಐತಿ. ಫೋನ್ ಯಾಕ? ಹೋಗಿ ಅವನ ಬಾಜೂಕ ಕೂತು ನೋಡು.’

‘ಮಾರಿ ತೋರ್ಸಾಕ ನಾಚಿಕಿ ಆಕ್ಕತಿ ಆಯಿ.’

‘ನಾಚಿಕಿ ಇಲ್ಲೇ ಇಟ್ಟ ಬಾ. ನಾನೂ ಬರ್ತೀನಿ ನಡಿ.’

ಹೋದೆವು. ಶಂಕ್ರಪ್ಪ ಚಹಾ ತರಿಸಿದ. ಎರಡು ಮಗ್ಗ ನಡೆಯುತ್ತಿದ್ದವು, ಉಳಿದವು ನಿಂತಿದ್ದವು. ರೇಖಾ ಕಂಪ್ಯೂಟರಿನ ಮುಂದೆ ಕುಳಿತು ನವಿಲಿನ ಚಿತ್ರ ಹಾಕಿ ಗುಂಡಿ ಒತ್ತಿದಳು. ಪರದೆ ಬೆಳ್ಳಗಾಯಿತು. ಅವಳು ಕೈ ಕಟ್ಟಿಕೊಂಡು ಕಾದಳು. ಎದುರಿಗೆ ಹುಡುಗಿ ಕುಳಿತಿದ್ದಳೆಂದು ಶಂಕ್ರಪ್ಪನೂ ದೂರವೇ ನಿಂತಿದ್ದ. ನನ್ನ ಚಹಾ ಆರುವ ಹೊತ್ತಿಗೆ ನವಿಲು ಬಂತು, ತೂತಿನ ಲೆಕ್ಕ ಪೂರ್ತಿ ಬಂತು.

‘ಆಹಾ! ಒಡತಿ ಬಂದ ಕೂಡ್ಲೇ ಹೆಂಗ ಶಾಣ್ಯಾ ಆತು ನೋಡು. ನನ್ನ ಕಂಡ್ರಷ್ಟ ಸೊಕ್ಕು’ ಎಂದ ಶಂಕ್ರಪ್ಪ.

ರೇಖಾಳ ಮುಖ ಇನ್ನೂ ಇಳಿಯಿತು. ರೋಗ ಕಣ್ಣಿಗೆ ಬೀಳದಿದ್ದರೆ ಔಷಧ ಎಲ್ಲಿಂದ ಕೊಡುವುದು? ‘ಇನ್ನೊಮ್ಮಿ ಹಾಕ್ತೀನಿ’ ಎಂದು ಮತ್ತೆ ಒತ್ತಿದಳು. ಅಷ್ಟರಲ್ಲಿ ಅವಳ ಅಪ್ಪನ ಫೋನ್ ಬಂತು. ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲವೆಂದು ಹೊರಗೆ ಹೋದಳು. ಆ ಕುರ್ಚಿಯ ಮೇಲೆ ನಾನು ಕುಳಿತೆ, ನನ್ನ ಮೊಣಕಾಲು ನೋಯುತ್ತಿದ್ದವು.

ಪರದೆ ಬೆಳ್ಳಗಾಯಿತು. ಬಾಣದ ಗುರುತು ನಿಂತಿತು. ಅಲುಗಾಟವಿಲ್ಲ, ಸದ್ದಿಲ್ಲ. ನನ್ನ ಕೈ ಎದ್ದು ಹೋಗಿ ಗೋಡೆಯ ಸ್ವಿಚ್ ಆರಿಸಿತು. ನಾನು ಆರಿಸಿದೆ ಅಂತ ಬರೆಯಬಹುದು, ಆದರೆ ಖರೆ ಹೇಳಬೇಕೆಂದರೆ ಕೈ ಹೋದ ಮೇಲೆ ನನಗೆ ಗೊತ್ತಾದದ್ದು.

ಮಗ್ಗದವರಲ್ಲದವರಿಗೆ ಇದು ತಿಳಿಯಲಿಕ್ಕಿಲ್ಲ. ಲಾಳಿ ಎಳೆಗಳ ನಡುವೆ ಸಿಕ್ಕಿಕೊಂಡಾಗ ಮಗ್ಗವನ್ನು ಆ ಕ್ಷಣವೇ ನಿಲ್ಲಿಸದಿದ್ದರೆ ಉದ್ದಕ್ಕೆ ಬಿಗಿದ ಹಾಸಿನ ಎಳೆ ಗೊಂಚಲು ಗೊಂಚಲಾಗಿ ಹರಿದುಹೋಗುತ್ತವೆ. ಅವನ್ನು ಒಂದೊಂದಾಗಿ ಗಂಟು ಹಾಕುವಷ್ಟರಲ್ಲಿ ದಿನ ಹೋಗುತ್ತದೆ. ಅದಕ್ಕೇ ನಮ್ಮ ಓಣಿಯಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಮಾತು ಒಂದೇ: ಮೊದಲು ಬಂದ್ ಮಾಡು, ಆಮೇಲೆ ನೋಡು. ನಾನೂ ನನ್ನ ಮಗನಿಗೆ ಬೆನ್ನ ಮೇಲೆ ಗುದ್ದಿ ಕಲಿಸಿದ್ದೇನೆ.

ರೇಖಾ ಒಳಗೆ ಬಂದು ಕರ್ರಗಾದ ಪರದೆ ನೋಡಿದಳು.

‘ಆಯಿ, ಏನ ಮಾಡಿದಿ?’

‘ನಿಂತಿತ್ತು. ಬಂದ್ ಮಾಡಿದೆ.’

‘ಯಾಕ ಮಾಡಿದಿ?’

‘ನಿಂತದ್ದನ್ನ ಬಂದ್ ಮಾಡ್ದ ಮತ್ತೇನ ಮಾಡ್ತಾರ? ಆರತಿ ಬೆಳಗ್ತಾರೇನು?’

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ನಿಧಾನವಾಗಿ ಶಂಕ್ರಪ್ಪನ ಕಡೆ ತಿರುಗಿದಳು.

‘ಕಾಕಾ, ಬೆಳ್ಳಗಾದಾಗ ನೀವೂ ಹಿಂಗ ಸ್ವಿಚ್ ತಗೀತೀರೇನ್ರಿ?’

‘ಹೌದ್ ಮತ್ತ.’

‘ದಿನಾ?’

‘ನಿಂತಾಗೆಲ್ಲಾ. ಯಾಕವಾ?’

‘ನಾ ಇಷ್ಟ ದಿನಾ ಕೇಳಿದಾಗ ಏನೂ ಮಾಡಿಲ್ಲ ಅಂದ್ರಲ್ಲಾ!’

‘ಬಂದ್ ಮಾಡೂದು ಮಾಡಿದ್ಹಂಗ ಆತೇನ ಅದು?’ ಎಂದ ಶಂಕ್ರಪ್ಪ. ಅವನು ಸುಳ್ಳು ಹೇಳಿರಲಿಲ್ಲ. ಉಸಿರಾಡಿದೆಯಾ ಅಂತ ಯಾರಾದರೂ ಕೇಳಿದರೆ ಯಾರು ನೆನಪು ಮಾಡಿಕೊಂಡು ಹೇಳುತ್ತಾರೆ?

ರೇಖಾ ನೂಲಿನ ಮೂಟೆಯ ಮೇಲೆ ಕುಸಿದು ಕುಳಿತು ನಗತೊಡಗಿದಳು. ನಗು ನಿಲ್ಲಲೇ ಇಲ್ಲ. ಹುಡುಗಿಗೆ ಏನೋ ಆಯಿತು ಅಂತ ಶಂಕ್ರಪ್ಪ ನೀರು ತಂದ. ಕುಡಿದು ನಮಗೆ ಬಿಡಿಸಿ ಹೇಳಿದಳು. ಅವಳ ಹೊಸ ಲ್ಯಾಪ್‌ಟಾಪಿನಲ್ಲಿ ಚಿಟಿಕೆಯಲ್ಲಿ ಆಗುವ ಲೆಕ್ಕ ಈ ಮುದಿ ಯಂತ್ರಕ್ಕೆ ಚಹಾ ಕುಡಿಯುವಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ಅದು ಲೆಕ್ಕದಲ್ಲೇ ಮುಳುಗಿರುತ್ತದೆ, ಪರದೆಯ ಕಡೆ ತಿರುಗಿ ನೋಡುವುದಿಲ್ಲ. ಅದಕ್ಕೇ ಸತ್ತ ಹಾಗೆ ಕಾಣುತ್ತದೆ. ಮಾಡಿದ್ದನ್ನು ನಾವು ಕೊಟ್ಟ ಚಿತ್ರವಿರುವ ಹಳೆಯ ಫೈಲಿನ ಮೇಲೇ ಬರೆಯುತ್ತಾ ಹೋಗುತ್ತದೆ. ನಡುವೆ ಕರೆಂಟ್ ತೆಗೆದರೆ ಹಳೆಯದೂ ಹೋಯಿತು, ಹೊಸದೂ ಆಗಲಿಲ್ಲ.

‘ಅಂದ್ರ ತಪ್ಪು ನಮ್ಮದು ಅಂತೀ?’ ಎಂದೆ.

‘ಅಲ್ಲ ಆಯಿ, ನಂದು. ಒಳಗ ದುಡ್ಯಾಕೊಬ್ರು, ಹೊರಗ ಮಾತಾಡಾಕೊಬ್ರು ಬೇಕಾಗಿತ್ತು. ನಾ ಎರಡೂ ಕೆಲಸ ಒಬ್ರಿಗೇ ಹಚ್ಚಿದ್ನಿ.’ ಆಮೇಲೆ ಸ್ವಲ್ಪ ಯೋಚನೆ ಮಾಡಿ ಹೇಳಿದಳು, ‘ಸ್ಕ್ರೀನ್ ಮ್ಯಾಲೆ ದೊಡ್ಡದಾಗಿ ಬರೀತೀನಿ, ಕೆಲಸ ನಡದೈತಿ, ಬಂದ್ ಮಾಡಬ್ಯಾಡ್ರಿ ಅಂತ.’

ಶಂಕ್ರಪ್ಪ ಶೆಡ್ಡಿನ ಗೋಡೆಗೆ ಬೆರಳು ಮಾಡಿದ. ಅಲ್ಲಿ ‘ಇಲ್ಲಿ ಉಗುಳಬಾರದು’ ಅಂತ ಅವನೇ ಬಣ್ಣದಲ್ಲಿ ಬರೆಸಿದ್ದ. ಅಕ್ಷರಗಳ ಕೆಳಗೆಲ್ಲ ಎಲೆ ಅಡಿಕೆಯ ಕೆಂಪು.

‘ಬರದದ್ದು ಓದೂ ಮಂದಿ ಅಲ್ಲವಾ ನಾವು.’

ರೇಖಾ ಗೋಡೆ ನೋಡಿದಳು. ಆಮೇಲೆ ನಡೆಯುತ್ತಿದ್ದ ಮಗ್ಗವನ್ನು ನೋಡುತ್ತಾ ಬಹಳ ಹೊತ್ತು ನಿಂತಳು. ಲಾಳಿ ಆ ಕಡೆ ಈ ಕಡೆ ಹೋಗುತ್ತಿತ್ತು. ‘ಬರಿಯೂದ ಬ್ಯಾಡ’ ಎಂದಳು, ಅಷ್ಟೇ.

ಮನೆಗೆ ಬಂದು ಕುಳಿತವಳು ದೀಪ ಹಚ್ಚಿದಾಗಲೂ ಏಳಲಿಲ್ಲ. ಈ ಸಲ ನನಗೆ ಚಿಂತೆಯಾಗಲಿಲ್ಲ, ಏಕೆಂದರೆ ರೊಟ್ಟಿ ತರಿಸಿಕೊಂಡು ಎಡಗೈಯಲ್ಲಿ ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತಾ ಬಲಗೈಯಲ್ಲಿ ತಿನ್ನುತ್ತಿದ್ದಳು. ನನಗೆ ಒಂದು ಅನುಮಾನ ಉಳಿದಿತ್ತು, ಕೇಳಿದೆ.

‘ನಾವು ಕೈ ತಡಕೊಂಡ್ವಿ ಅನ್ನು. ಖರೇನೇ ಕರೆಂಟ್ ಹೋದ್ರ? ನಮ್ಮೂರಾಗ ಅದಕ್ಕೇನು ಬರಗಾಲೇನು?’

‘ಅದಕ್ಕೂ ಮಾಡೇನಿ ಆಯಿ. ಹೊಸಾ ಹಾಸು ಕೆಚ್ಚೂ ಮಟಾ ಹಳೇದರ ತುದಿ ಬಿಡೂದಿಲ್ಲಲ್ಲಾ ನೀವು? ಹಂಗ. ಹೊಸಾ ಲೆಕ್ಕಾ ಬ್ಯಾರೆ ಕಡೆ ಪೂರ್ತಿ ಬರದು, ಆಮ್ಯಾಲ ಹಳೇದರ ಜಾಗಾದಾಗ ಇಡ್ತೈತಿ. ನಡುವ ಏನ ಆದ್ರೂ ಹಳೇದು ಅಲ್ಲೇ ಇರ್ತೈತಿ.’

ಹಳೆಯ ಹಾಸಿನ ತುದಿಗೆ ಹೊಸ ಹಾಸಿನ ಎಳೆಗಳನ್ನು ಗಂಟು ಹಾಕುವುದಕ್ಕೆ ನಾವು ಕೆಚ್ಚುವುದು ಅನ್ನುತ್ತೇವೆ. ಇವಳು ಮಗ್ಗದ ಹತ್ತಿರ ಸುಳಿಯದೆ ಪುಸ್ತಕ ಹಿಡಿದೇ ಬೆಳೆದಳು ಅಂತ ನಾನು ತಿಳಿದಿದ್ದೆ. ಹಾಗಲ್ಲ, ನೋಡುತ್ತಲೇ ಇದ್ದಳು. ಇದನ್ನು ಅವಳ ಮುಂದೆ ಹೇಳಲಿಲ್ಲ. ಹೊಗಳಿದರೆ ಮಕ್ಕಳು ಕೆಡುತ್ತಾರೆ. ಈಗ ಇದನ್ನು ತಿದ್ದುವಾಗ ಓದಿಕೊಳ್ಳಲಿ.

ಇವತ್ತಿಗೂ ಆ ಮಧ್ಯಾಹ್ನ ನೆನಪಾದರೆ ನನಗೆ ನನ್ನ ಕೈಯದೇ ಆಶ್ಚರ್ಯ. ನಾವು ಮಾಡುವುದರಲ್ಲಿ ಅರ್ಧ ನಮಗೇ ಗೊತ್ತಿರುವುದಿಲ್ಲ. ಬಾಯಿಂದ ಕೇಳಿದರೆ ಬಾಯಿ ಏನು ಹೇಳೀತು? ಬಾಜೂಕೆ ಕುಳಿತು ಕೈ ನೋಡಬೇಕು. ಓಣಿಯಲ್ಲಿ ಈಗ ರೇಖಾ ಯಾರಿಗೆ ಪ್ರೋಗ್ರಾಮ್ ಹಾಕಿಕೊಟ್ಟರೂ ಒಂದು ದಿನ ಅವರ ಶೆಡ್ಡಿನಲ್ಲಿ ಮಾತಾಡದೆ ಕುಳಿತು ಬರುತ್ತಾಳೆ. ಮುಧೋಳದ ಮಾತು ನನ್ನ ಮಗ ಮತ್ತೆ ತೆಗೆದಿಲ್ಲ.

ಗಡುವಿನ ಆ ಶುಕ್ರವಾರ ಮುಂಜಾನೆ ನಾನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಎಲ್ಲರಿಗಿಂತ ಮೊದಲು ಶಂಕ್ರಪ್ಪನ ಶೆಡ್ಡಿಗೆ ಹೋದೆ. ರೇಖಾ ಹಿಂದಿನಿಂದ ಬಂದು ಹೊಸದನ್ನು ಹಾಕಿದಳು. ನಾನು ಅವಳನ್ನೂ ಶಂಕ್ರಪ್ಪನನ್ನೂ ಹೊರಗೆ ಕಳಿಸಿದೆ. ನೋಡುವವರಿದ್ದರೆ ಎಲ್ಲವೂ ಶಾಣ್ಯಾ ಆಗುತ್ತವೆ, ಅದು ಬೇಡವಾಗಿತ್ತು. ಒಬ್ಬಳೇ ಕುಳಿತು ಗುಂಡಿ ಒತ್ತಿದೆ. ಪರದೆ ಬೆಳ್ಳಗಾಗಲಿಲ್ಲ. ಒಂದು ಸಣ್ಣ ಲಾಳಿ ಎಡದಿಂದ ಬಲಕ್ಕೆ ಹೊರಟಿತು, ಬಲದಿಂದ ಎಡಕ್ಕೆ ಬಂತು. ಅದು ಹೋಗಿ ಬಂದಂತೆ ಕೆಳಗಿನಿಂದ ನವಿಲಿನ ಕಾಲು ಕಂಡವು, ಆಮೇಲೆ ಹೊಟ್ಟೆ. ನಡುವೆ ಒಮ್ಮೆ ಲಾಳಿ ತುಸು ತಡೆದು ನಿಂತಿತು. ನನ್ನ ಬಲಗೈ ಎದ್ದಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡು, ಅವುಗಳ ಮೇಲೆಯೇ ಕುಳಿತೆ. ಲಾಳಿ ಮತ್ತೆ ನಡೆಯಿತು. ನವಿಲಿಗೆ ಕತ್ತು ಬಂತು, ಕೊಕ್ಕು ಬಂತು, ತಲೆಯ ಮೇಲೆ ತುರಾಯಿ ಬರುವ ತನಕ ನಾನು ಕೈ ತೆಗೆಯಲಿಲ್ಲ.