ಅನಸುಬಾಯಿಯ ಕಟ್ಟೆಯ ಮೇಲೆ ಕೂತ ಸಂಘ

ಸುಲೇಪೇಟದ ಆ ಮಹಿಳಾ ಸಂಘದಲ್ಲಿ ಯಾರಾದರೂ ಕಂತು ತಪ್ಪಿಸಿದರೆ ನೋಟಿಸು ಹೋಗುವುದಿಲ್ಲ, ಹೆಂಗಸರೇ ಹೋಗುತ್ತಾರೆ. ಬಾಕಿದಾರಳ ಮನೆಕಟ್ಟೆಯ ಮೇಲೆ ಸಾಲಾಗಿ ಕೂತು, ಮೊರದಲ್ಲಿ ಜೋಳ ಹಸನು ಮಾಡುತ್ತ, ಹಣ ಬರುವವರೆಗೆ ಏಳುವುದಿಲ್ಲ. ಈ ಪದ್ಧತಿ ಹಾಕಿಕೊಟ್ಟವಳು ಅಧ್ಯಕ್ಷೆ ಅನಸುಬಾಯಿಯೇ. ಅವಳು ಬ್ಯಾಂಕಿಗೆ ಹೋದರೆ ಮ್ಯಾನೇಜರೂ ಕುರ್ಚಿ ಹಾಕಿಸುತ್ತಿದ್ದರು.

ಅಂಥವಳು ಈಗ ಫೋನ್ ರಿಂಗಾದರೆ ಅದನ್ನು ಹಿಟ್ಟಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತುತ್ತಿದ್ದಳು.

ತಪ್ಪು ಮೊಮ್ಮಗಳದ್ದೆನ್ನಬೇಕು. ತುತ್ತು ನುಂಗದ ಆ ಕೂಸಿಗೆ ತೋರಿಸಲೆಂದು ಅನಸುಬಾಯಿ ಹಾಡಿನ ಆ್ಯಪ್ ಒಂದನ್ನು ಹಾಕಿಕೊಂಡಿದ್ದಳು. ‘ಒಂದೇ ರೂಪಾಯಿ’ ಎಂದು ದೊಡ್ಡದಾಗಿ ಬರೆದಿತ್ತು. ಅದು ಮೊದಲ ವಾರಕ್ಕಷ್ಟೇ, ಆಮೇಲೆ ಪ್ರತಿ ತಿಂಗಳು ಖಾತೆಯಿಂದ ತಾನೇ ಕತ್ತರಿಸಿಕೊಳ್ಳುತ್ತದೆ ಎಂಬುದು ಇರುವೆ ಸಾಲಿನಂಥ ಅಕ್ಷರದಲ್ಲಿತ್ತು. ಖಾತೆ ಬರಿದಾದ ಮೇಲೆ, ತಿಂಗಳ ಹಣ ಬಾಕಿಯೆಂದು ಕಂಪನಿಯ ವಸೂಲಿಯವನ ಕಾಟ ಶುರುವಾಯಿತು. ಕಟ್ಟದಿದ್ದರೆ ನಿನ್ನ ಫೋನಿನಲ್ಲಿರುವ ಎಲ್ಲರಿಗೂ ಹೇಳುತ್ತೇನೆ ಎಂದ.

ದುಡ್ಡಿಗಿಂತ ಅವಳಿಗೆ ಆ ‘ಎಲ್ಲರ’ ಚಿಂತೆ. ಬಾಕಿದಾರಳನ್ನು ಅಧ್ಯಕ್ಷೆ ಎಂದು ಯಾರು ಒಪ್ಪುತ್ತಾರೆ? ಸೊಸೆ ಕರುಣಾ ಗ್ರಾಹಕರ ಸಹಾಯವಾಣಿಗೆ ದೂರು ಕೊಡೋಣವೆಂದಳು. ದೂರೆಂದರೆ ಊರಿಗೇ ಗೊತ್ತಾಗುತ್ತದೆ, ಗುಟ್ಟಾಗಿ ಕಟ್ಟಿಬಿಡೋಣ ಎಂಬುದು ಅತ್ತೆಯ ವಾದ.

ಗುಟ್ಟು ಉಳಿಯಲಿಲ್ಲ. ಗುರುವಾರ ಬೆಳಿಗ್ಗೆ ಬಾಗಿಲು ತೆರೆದರೆ ಕಟ್ಟೆಯ ಮೇಲೆ ದ್ರೌಪದಿ, ಅಲ್ಮಾಸ್, ಯಂಕಮ್ಮ, ಅವರ ಹಿಂದೆ ಇಡೀ ಸಂಘ. ಮಡಿಲಲ್ಲಿ ಮೊರ.

“ಬರ್ರಿ, ಕುಂದ್ರಿ,” ಎಂದಳು ಅನಸುಬಾಯಿ, ಅವರು ಆಗಲೇ ಕೂತಿದ್ದರೂ.

“ಯಾವನೋ ಫೋನ್ ಮಾಡಿದ್ದ ಅಕ್ಕಾ,” ಎಂದಳು ದ್ರೌಪದಿ. “ನಿಮಗ ಬಾಯಿಗಿ ಬಂದಂಗ ಬೈದ. ನಮ್ಮ ಅಧ್ಯಕ್ಷರಿಗಿ ಬೈಲಾಕ ಇಂವ ಯಾವಾಂವ? ಆ ಕಂಪನಿ ಕಟ್ಟಿ ಎಲ್ಲಿ ಅದ ಹೇಳ್ರಿ, ಅಲ್ಲೇ ಹೋಗಿ ಕುಂದರ್ತೀವಿ.”

ಆ ಕಂಪನಿಗೆ ಕಟ್ಟೆಯೇ ಇಲ್ಲ, ಇರುವುದೆಲ್ಲ ಫೋನಿನೊಳಗೆ ಎಂದು ಕರುಣಾ ವಿವರಿಸಿದಳು. ಕೂರಲು ಜಾಗವಿಲ್ಲದ ಎದುರಾಳಿಯನ್ನು ಸಂಘ ಕಂಡಿರಲಿಲ್ಲ. ಗುಟ್ಟು ಹೇಗೂ ಹೊರಬಿದ್ದಿದ್ದರಿಂದ ಕರುಣಾ ಸಹಾಯವಾಣಿಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದಳು.

ಆ ಕಡೆಯ ಹುಡುಗಿ ಆ್ಯಪಿನ ಹೆಸರು ಕೇಳಿದರೆ ಅನಸುಬಾಯಿ ಸೊಸೆಯ ಬಾಣಂತನದಿಂದ ಶುರುಮಾಡಿದಳು. ಹೇಗೋ ದಾರಿಗೆ ಬಂದ ಮಾತು, ವಸೂಲಿಯವನು ಏನೆಂದು ಬೈದ ಎಂಬಲ್ಲಿ ನಿಂತಿತು.

“ಅವನ ಬಾಯಿ ಛಲೋ ಇಲ್ರಿ,” ಎಂದಷ್ಟೇ ಹೇಳಿದಳು.

ದೂರಿನಲ್ಲಿ ಬರೆಯಲು ಹುಡುಗಿಗೆ ಅವನಾಡಿದ ಮಾತುಗಳೇ ಬೇಕಿದ್ದವು. ಕಂಕುಳಲ್ಲಿ ಕೂಸಿರುವಾಗ ಅವನ್ನು ಅನಸುಬಾಯಿ ಹೇಗೆ ಆಡಿಯಾಳು? ದ್ರೌಪದಿ ಫೋನ್ ಕಸಿದುಕೊಂಡು ಒಂದೊಂದಾಗಿ ಹೇಳತೊಡಗಿದಳು. ಅವನ ಬೈಗುಳ ಮುಗಿದ ಮೇಲೂ ನಿಲ್ಲಿಸಲಿಲ್ಲ. ಯಂಕಮ್ಮ ಮೊರದಿಂದ ತಲೆ ಎತ್ತಿದಳು.

“ಇದು ಅಂವ ಅಂದಿದ್ದಲ್ಲ ಬಿಡು. ನಳದ ಹತ್ರ ನೀ ನನಗ ಅಂದಿದ್ದು.”

ಇಷ್ಟು ಸಾಕು ಎಂದು ಹುಡುಗಿ ಅವಸರದಲ್ಲಿ ಹೇಳಿದಳು. ತಿಂಗಳು ತಿಂಗಳು ಹಣ ತಾನೇ ಕತ್ತರಿಸಲು ಬ್ಯಾಂಕಿಗೆ ಕೊಟ್ಟ ಆಟೋಪೇ ಅನುಮತಿ ರದ್ದು ಮಾಡಿ, ಬೆದರಿಕೆಯ ಬಗ್ಗೆ ಪೊಲೀಸರಿಗೂ ತಿಳಿಸಿ ಎಂದಳು. ದೂರಿನ ಸಂಖ್ಯೆ ಬರುವವರೆಗೆ ಕಟ್ಟೆಯಿಂದ ಯಾರೂ ಏಳಲಿಲ್ಲ.

ಅದು ಬಂದ ಮೇಲೆ, ಅಧ್ಯಕ್ಷಗಿರಿ ಬಿಟ್ಟುಕೊಡುತ್ತೇನೆ ಎನ್ನಲು ಅನಸುಬಾಯಿ ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ಅಲ್ಮಾಸ್ ತನ್ನ ಫೋನ್ ಮುಂದೆ ಸರಿಸಿದಳು.

“ಒಂದ್ ರೂಪಾಯಿ ಅಂತ ನಾನೂ ಒತ್ತಿಬಿಟ್ಟೀನಿ ಅಕ್ಕಾ. ನೋಡ್ರಿ ಜರಾ. ಇವರ‍್ಯಾರಿಗೂ ಹೇಳಬ್ಯಾಡ್ರಿ.”

ಇವರೆಲ್ಲ ಕೇಳುತ್ತಲೇ ಇದ್ದರು. ಯಂಕಮ್ಮನ ಕೈಯೂ ಮೆಲ್ಲಗೆ ತನ್ನ ಫೋನಿನ ಕಡೆ ಹೋಯಿತು. ಅನಸುಬಾಯಿ ಕೂಸನ್ನು ಸೊಸೆಗೆ ಕೊಟ್ಟು, ಚಾಪೆ ಎಳೆದುಕೊಂಡು ಎಲ್ಲರ ನಡುವೆ ಕೂತಳು.

“ಒಬ್ಬೊಬ್ಬರ ಬರ್ರಿ. ಮೊದಲ ಯಾರು?”