ಲಮಾರಾ ಚಿಕ್ಕಮ್ಮನ ಕಾಳಿನ ಸೇಡು

ಇದನ್ನು ಬರೆಯುತ್ತಿರುವ ಗೊಚಾ ಎಂಬವನು ಜಾರ್ಜಿಯಾದಿಂದ ಇಟಲಿಯ ಬಾರಿ ಪಟ್ಟಣಕ್ಕೆ ಬಂದಿಳಿದ ಮೊದಲ ಗುರುವಾರವೇ ಬದುಕಿರುವ ಒಬ್ಬ ಮನುಷ್ಯನನ್ನು ಮಣ್ಣು ಮಾಡಿಬಿಟ್ಟ. ರೈಲು ನಿಲ್ದಾಣದ ಹತ್ತಿರದ ಚೌಕದಲ್ಲಿ, ಮರಗಳ ಕೆಳಗೆ, ಅವನ ನಾಡಿನ ಹೆಂಗಸರು ಗುಂಪುಗೂಡಿ ಕೂತಿದ್ದರು. ಮುಕ್ಕಾಲು ಪಾಲು ಕಪ್ಪು ಬಟ್ಟೆ. ಕಲ್ಲುಬೆಂಚಿನ ಮೇಲೆ ಅಕ್ರೋಟು ಅರೆದು ಹಾಕಿದ ಕೆಂಪು ಕಾಳು, ಮೆಕ್ಕೆಜೋಳದ ರೊಟ್ಟಿ, ಹುಳಿ ಪ್ಲಮ್ಮಿನ ಗೊಜ್ಜು, ನೀರಿನ ಬಾಟಲಿಯಲ್ಲಿ ವೈನು. ಯಾರದೋ ತಿಥಿ ಊಟ ಎಂದು ಗೊಚಾನಿಗೆ ಖಾತ್ರಿಯಾಯಿತು. ಮುಖ ಇಳಿಬಿಟ್ಟುಕೊಂಡು ಹೋದ, ಟೋಪಿ ತೆಗೆದ, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ, ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟಿದ್ದ ಹೆಂಗಸಿನ ಕೈ ಹಿಡಿದು, "ದೇವರು ಯಜಮಾನರ ಆತ್ಮಕ್ಕೆ ಶಾಂತಿ ಕೊಡಲಿ, ಚಿಕ್ಕಮ್ಮಾ" ಎಂದ.

ಆಕೆ ರೊಟ್ಟಿ ಅಗಿಯುವುದನ್ನು ನಿಲ್ಲಿಸಲಿಲ್ಲ.

"ಹೋದನಾ? ಬೆಳಗ್ಗೆ ತಾನೇ ಫೋನ್ ಮಾಡಿದ್ದನಲ್ಲಪ್ಪಾ, ದುಡ್ಡು ಕಳಿಸು ಅಂತ. ಇರಲಿ, ನಿನ್ನ ಬಾಯಿಗೆ ಸಕ್ಕರೆ ಹಾಕ!"

ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಇಟಲಿಯ ಮುದುಕ ಮುದುಕಿಯರನ್ನು ನೋಡಿಕೊಳ್ಳುವ ಇವರಿಗೆ ಗುರುವಾರ ಮಧ್ಯಾಹ್ನ ಬಿಡುವು ಎಂಬುದಾಗಲಿ, ಕಪ್ಪು ಬಟ್ಟೆಯಲ್ಲಿ ಕೊಳೆ ಕಾಣುವುದಿಲ್ಲ ಎಂಬುದಾಗಲಿ ಆ ಪೆದ್ದನಿಗೆ ಹೇಗೆ ಗೊತ್ತಾಗಬೇಕು? "ಕೂತ್ಕೋ ಬಾ, ತಿಥಿ ಅಂತ ಬಂದೋನು ಹಸ್ಕೊಂಡು ಹೋಗಬಾರದು" ಎಂದು ಆಕೆಯೇ, ಲಮಾರಾ ಚಿಕ್ಕಮ್ಮನೇ, ಬಡಿಸಿದಳು. ವಿದೇಶಕ್ಕೆ ಬಂದಮೇಲೆ ಒಲೆ ಮುಟ್ಟುವುದಿಲ್ಲ, ದೊರೆಯ ಹಾಗೆ ಹೋಟೆಲಿನಲ್ಲೇ ತಿನ್ನುತ್ತೇನೆ ಎಂದು ಪ್ರತಿಜ್ಞೆ ಮಾಡಿ ಬಂದವನು ಗೊಚಾ. ಆ ಪ್ರತಿಜ್ಞೆಯಲ್ಲಿ ಹೋಟೆಲು ಮಾತ್ರ ಉಳಿಯಿತು. ಸಮುದ್ರದ ದಡದ ಒಂದು ಹೋಟೆಲಿನಲ್ಲಿ ದೊರೆಗಳು ಉಂಡ ತಟ್ಟೆ ತೊಳೆಯುವ ಕೆಲಸಕ್ಕೆ ಸೇರಿದ. ಹೊಟ್ಟೆ ತುಂಬಿದ್ದು ಮಾತ್ರ ಗುರುವಾರಗಳಂದು, ಲಮಾರಾ ಚಿಕ್ಕಮ್ಮನ ಕಾಳಿನಿಂದ.

ಲಮಾರಾಳ ಊರಿನ ಚಹಾ ಕಾರ್ಖಾನೆ ಮುಚ್ಚಿದಾಗ ಅವಳು ಬ್ಯಾಗು ಹಿಡಿದು ಹೊರಟವಳು. ಅವಳ ಮನೆತನದಲ್ಲಿ ಸೇಡೆಂದರೆ ಉಪ್ಪಿನಕಾಯಿ ಇದ್ದ ಹಾಗೆ, ಹಳತಾದಷ್ಟೂ ರುಚಿ. ಅವಳ ಮದುವೆಯ ಚೀಸ್ ರೊಟ್ಟಿಗೆ ಉಪ್ಪು ಜಾಸ್ತಿ ಅಂದ ಪಕ್ಕದ ಮನೆಯವಳಿಗೆ, ಅಲ್ಲಿಂದ ಮುಂದೆ ಒಂದೊಂದು ಹಬ್ಬದಲ್ಲೂ, ಉಪ್ಪಿಲ್ಲದ ರೊಟ್ಟಿಯನ್ನು ಬೇರೆಯಾಗಿ ಸುಟ್ಟು, ನಗುನಗುತ್ತಾ ಬಡಿಸುತ್ತಿದ್ದಳಂತೆ. ಆ ಹೆಂಗಸು ತಪ್ಪಾಯಿತು ಅಂದಮೇಲೂ!

ಬಾರಿಯಲ್ಲಿ ಅವಳು ನೋಡಿಕೊಳ್ಳುತ್ತಿದ್ದದ್ದು ನುನ್ಸಿಯಾ ಅಜ್ಜಿಯನ್ನು. ಅಜ್ಜಿಗೆ ಹಲ್ಲಿಲ್ಲ, ಹಸಿವಿಲ್ಲ. ಅಜ್ಜಿಯ ಮಗಳು ಓರ್ನೆಲ್ಲಾ ಭಾನುವಾರಗಳಂದು ತಾನೇ ಬೇಯಿಸಿದ ಮ್ಯಾಕರೋನಿ ಹಿಡಿದು ಬರುತ್ತಿದ್ದಳು. "ನಮ್ಮಮ್ಮಂಗೆ ನನ್ನ ಕೈರುಚಿ ಬಿಟ್ಟು ಬೇರೇನೂ ಸೇರಲ್ಲ" ಎಂದು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು.

ವಸಂತದಲ್ಲಿ ಲಮಾರಾಳ ತಾಯಿ ಊರಿನಲ್ಲಿ ತೀರಿಕೊಂಡಳು. ಲಮಾರಾ ಹೋಗಲಿಲ್ಲ. ಕಾಗದಪತ್ರ ಸರಿಯಿಲ್ಲದವರು ಗಡಿ ದಾಟಿದರೆ ಮತ್ತೆ ಒಳಗೆ ಬರಲಾಗದು. ಅಲ್ಲಿ ಮಣ್ಣಾಯಿತು, ಇಲ್ಲಿ ಇವಳು ಅಜ್ಜಿಯ ಕಾಲು ತಿಕ್ಕುತ್ತಾ ಅತ್ತಳು. ನಲವತ್ತನೆಯ ದಿನ ಸತ್ತವರ ಜೀವ ಮನೆ ಬಿಟ್ಟು ಹೊರಡುತ್ತದೆ. ಅಂದು ಅದಕ್ಕೆ ಎಡೆ ಇಡಲೇಬೇಕು. ಅಜ್ಜಿಯ ಅಡುಗೆಮನೆಯಲ್ಲಿ ಲಮಾರಾ ಕಾಳು ಬೇಯಿಸಿದಳು, ಅಕ್ರೋಟು ಬೆಳ್ಳುಳ್ಳಿ ಅರೆದಳು, ಊರಿನಿಂದ ಬಂದ ಮೆಂತ್ಯದ ಪುಡಿ ಉದುರಿಸಿದಳು. ಗೋಧಿಗೆ ಜೇನು ಬೆರೆಸಿದಳು. ತಾಯಿಯ ಪಟದ ಮುಂದೆ ಎಲ್ಲ ಇಟ್ಟು ದೀಪ ಹಚ್ಚುವುದಕ್ಕೂ ಓರ್ನೆಲ್ಲಾ ಬಾಗಿಲು ತೆಗೆದು ಬರುವುದಕ್ಕೂ ಸರಿಹೋಯಿತು. ಹಿಂದೆ ಅವಳ ಇಬ್ಬರು ಗೆಳತಿಯರು.

"ಏನಿದು ನಾತ? ಮೆಟ್ಟಿಲವರೆಗೂ ಬಂದಿದೆ!"

"ನಮ್ಮಮ್ಮನ ಎಡೆ, ಅಮ್ಮಾವ್ರೇ. ಇವತ್ತೊಂದು ದಿನ..."

"ಎಡೆಯೋ ಗಿಡೆಯೋ, ನಮ್ಮಮ್ಮನ ಮನೇಲಿ ಬೇಡ. ನಮ್ಮ ಊಟ ಸೇರದಿದ್ರೆ ಹೊರಗೆ ಹೋಗಿ ತಿನ್ನು."

ಪಾತ್ರೆ ಎತ್ತಿದಳು, ಕಸದ ಬುಟ್ಟಿಗೆ ಬೋರಲು ಹಾಕಿದಳು. ಗೆಳತಿಯರು ಮೂಗು ಮುಚ್ಚಿಕೊಂಡು ನಕ್ಕರು. ಲಮಾರಾ ದೀಪ ಆರಿಸಿ, ಬುಟ್ಟಿಯನ್ನು ಕೆಳಗೆ ಒಯ್ದು ಸುರಿದು, ತೊಳೆದು ತಂದಿಟ್ಟಳು.

ಮುಂದಿನ ಗುರುವಾರ ಚೌಕದಲ್ಲಿ ಇದನ್ನು ಹೇಳಿದಾಗ ಹೆಂಗಸರು ಎದೆ ಎದೆ ಬಡಿದುಕೊಂಡರು. "ಶಾಪ ಹಾಕು ಲಮಾರಾ!" ಎಂದಳು ಒಬ್ಬಳು.

"ಶಾಪ ಹಾಕೋಕೆ ನಾನೇನು ಕೈಲಾಗದೋಳಾ?" ಎಂದಳು ಲಮಾರಾ. "ಅವಳು ಚೆಲ್ಲಿದ್ದನ್ನ ಅವಳೇ ಚಪ್ಪರಿಸಿ ತಿನ್ನಬೇಕು. ನಾಲ್ಕು ಜನರ ಮುಂದೆ ತಿನ್ನಬೇಕು. ಅಲ್ಲೀವರೆಗೂ ನಮ್ಮಮ್ಮಂಗೆ ಎಡೆ ಮುಟ್ಟಲ್ಲ."

"ಸಿಕ್ಕಿಬಿದ್ರೆ ಬೀದಿಪಾಲಾಗ್ತೀರ, ಚಿಕ್ಕಮ್ಮಾ" ಎಂದ ಗೊಚಾ. ಕೆಲಸ ಹೋದರೆ ಅವಳಿಗೆ ತಲೆಯ ಮೇಲಿನ ಸೂರೂ ಹೋದಂತೆ.

"ನೀನು ತಟ್ಟೆ ತೊಳಿ. ನನಗೆ ಬುದ್ಧಿ ಹೇಳಬೇಡ."

ಅಂದಿನಿಂದ ಸಂಜೆ ಹೊತ್ತು, ಓರ್ನೆಲ್ಲಾ ಬರದ ವೇಳೆ ನೋಡಿ, ಲಮಾರಾ ಕಿಟಕಿಗಳನ್ನೆಲ್ಲ ತೆರೆದಿಟ್ಟು ಕಾಳು ಬೇಯಿಸತೊಡಗಿದಳು. ನುಣ್ಣಗೆ ಮಸೆದು ಮೊದಲು ಅಜ್ಜಿಯ ನಾಲಗೆಗೆ ಚಮಚದ ತುದಿಯಷ್ಟು ತಾಗಿಸಿದಳು. ಆಮೇಲೆ ಅರ್ಧ ಚಮಚ, ಆಮೇಲೆ ಬಟ್ಟಲು. ಬೇಸಿಗೆ ಮುಗಿಯುವಷ್ಟರಲ್ಲಿ ಅಜ್ಜಿ ಸಂಜೆಯಾದರೆ ಟೇಬಲ್ಲು ಕುಟ್ಟಿ ಕಾಳು ಕೇಳುತ್ತಿದ್ದಳು, ಕೆನ್ನೆಗೆ ಬಣ್ಣ ಬಂದಿತ್ತು. ಭಾನುವಾರದ ಮ್ಯಾಕರೋನಿ ಅಂಗಳದ ಬೆಕ್ಕಿನ ಪಾಲಾಗುತ್ತಿತ್ತು. "ನನ್ನ ಮ್ಯಾಕರೋನಿ ನೋಡು, ಅಮ್ಮ ಹೇಗೆ ಮೈಕೈ ತುಂಬ್ಕೊಂಡಿದ್ದಾಳೆ!" ಎಂದು ಓರ್ನೆಲ್ಲಾ ಬೀಗಿದಳು. ಮೈಕೈ ತುಂಬಿಕೊಂಡದ್ದು ಬೆಕ್ಕು ಕೂಡ.

ಸೆಪ್ಟೆಂಬರಿನಲ್ಲಿ ಅಜ್ಜಿಯ ಹುಟ್ಟುಹಬ್ಬ. ಓರ್ನೆಲ್ಲಾ ಬಂಧುಬಳಗವನ್ನೆಲ್ಲ ಕರೆದು ಸಮುದ್ರದ ದಡದ ಹೋಟೆಲಿನಲ್ಲಿ ಊಟ ಇಟ್ಟುಕೊಂಡಳು. ಗೊಚಾ ತಟ್ಟೆ ತೊಳೆಯುವ ಹೋಟೆಲೇ ಅದು. ಹಿಂದಿನ ಗುರುವಾರ ಲಮಾರಾ ಅವನ ಭುಜದ ಮೇಲೆ ಕೈಯಿಟ್ಟಳು. ಅವನಿಗೆ ವಿಷಯ ಗೊತ್ತಾಗಿಹೋಯಿತು.

"ನನ್ನ ಕೆಲಸಕ್ಕೆ ಕಲ್ಲು ಬೀಳತ್ತೆ, ಚಿಕ್ಕಮ್ಮಾ."

"ಇಷ್ಟು ದಿನ ಯಾರ ಕಾಳು ತಿಂದೆ?"

ಗೊಚಾ ತಟ್ಟೆಯ ಕೊನೆಯ ಕಾಳನ್ನೂ ಬಳಿದು ತಿಂದು, ಹೋಟೆಲಿನ ಹಿಂಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ ಎಂದು ಹೇಳಿಕೊಟ್ಟ.

ಆ ಊರಿನ ಹೋಟೆಲುಗಳಲ್ಲಿ ನಿಜವಾದ ಊಟಕ್ಕೆ ಮುಂಚೆ ಸಣ್ಣ ಸಣ್ಣ ತಟ್ಟೆಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಯಾವುದನ್ನು ಕೇಳಿದೆವು, ಯಾವುದನ್ನು ಕೇಳಲಿಲ್ಲ ಎಂದು ಯಾರೂ ನೆನಪಿಡುವುದಿಲ್ಲ. ಹಸಿ ಆಕ್ಟೋಪಸ್ ಹೋಯಿತು, ಸೀಗಡಿ ಹೋಯಿತು, ಹುರಿದ ಬದನೆ ಹೋಯಿತು. ಮುಖ್ಯ ಬಾಣಸಿಗ ಸಿಗರೇಟು ಸೇದಲು ಹೊರಗೆ ಹೋದಾಗ, ಗೊಚಾ ಹಿಂಬಾಗಿಲಿನಿಂದ ಬಂದಿದ್ದ ಪಾತ್ರೆಯನ್ನು ಬಿಸಿ ಮಾಡಿ, ಹೋಟೆಲಿನ ಬಿಳಿ ಬಟ್ಟಲುಗಳಿಗೆ ಬಗ್ಗಿಸಿ, ಮೇಲೆ ದಾಳಿಂಬೆ ಕಾಳು ಉದುರಿಸಿ ಸಾಲಿನಲ್ಲಿ ಇಟ್ಟ. ಮಾಣಿ ಒಯ್ದ. ಗೊಚಾ ಬಾಗಿಲ ಸಂದಿಯಲ್ಲಿ ಕಣ್ಣಿಟ್ಟ.

ಅಜ್ಜಿ ಅದುವರೆಗೆ ತುಟಿ ಬಿಗಿಹಿಡಿದು ಕೂತಿದ್ದಳು. ಓರ್ನೆಲ್ಲಾ ಕಾಳನ್ನು ಬಾಯಿಗಿಟ್ಟಳು, ಕಣ್ಣು ಮುಚ್ಚಿದಳು.

"ಅಬ್ಬಾ! ಏನು ರುಚಿ, ಏನು ಘಮ! ನೋಡಿದ್ರಾ, ಎಷ್ಟೇ ಮಾಡಲಿ, ಇಂಥದು ಮನೇಲಿ ಬರಲ್ಲ. ಏ ತಮ್ಮಾ, ಇನ್ನೊಂದು ಬಟ್ಟಲು ತಾ!"

ಎರಡನೆಯ ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿ ಒರೆಸಿ ತಿಂದಳು. ಆಗ, ತನ್ನ ಬಟ್ಟಲನ್ನು ಬರಿದು ಮಾಡಿದ್ದ ಅಜ್ಜಿ ಬಾಯಿ ತೆರೆದಳು.

"ಇದು ಹೋಟೆಲಿಂದಲ್ಲ ಕಣೇ, ನಮ್ಮ ಮನೇದು. ಲಮಾರಾ ದಿನಾ ಸಾಯಂಕಾಲ ಮಾಡ್ತಾಳೆ. ನೀನು ತರೋದನ್ನ ಬೆಕ್ಕಿಗೆ ಹಾಕ್ತೀವಿ."

ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು. ಆ ಇಬ್ಬರು ಗೆಳತಿಯರೂ ಅಲ್ಲೇ ಇದ್ದರು. ಅಜ್ಜಿಯ ಪಕ್ಕದಲ್ಲಿ ಕೂತಿದ್ದ ಲಮಾರಾ ಎದ್ದು ನಿಂತಳು. ಲೋಟ ಎತ್ತಿ, ಬ್ರೆಡ್ಡಿನ ಚೂರಿನ ಮೇಲೆ ನಾಲ್ಕು ಹನಿ ವೈನು ಚೆಲ್ಲಿದಳು. "ನಮ್ಮಮ್ಮ ಬಾಬುತ್ಸಾ ಹೆಸರಲ್ಲಿ" ಎಂದಳು. ನೆಂಟರೆಲ್ಲ ಹುರುಪಿನಿಂದ ಲೋಟ ತಾಗಿಸಲು ಬಂದರು. ಅವಳು ಕೈ ಹಿಂದೆಳೆದುಕೊಂಡಳು.

"ತಾಗಿಸಬಾರದು. ಸತ್ತೋರ ಊಟ ಇದು. ಅಮ್ಮಾವ್ರು ವಸಂತದಲ್ಲಿ ಕಸದ ಬುಟ್ಟಿಗೆ ಹಾಕಿದ್ರಲ್ಲ, ಅದೇ ಎಡೆ. ಇವತ್ತು ಎರಡು ಬಟ್ಟಲು ತಿಂದ್ರು. ಮುಟ್ಟಿತು."

ಓರ್ನೆಲ್ಲಾಳ ಮುಖ ಸುಣ್ಣವಾಯಿತು. ಲಮಾರಾಳ ರಟ್ಟೆ ಹಿಡಿದು ಅಡುಗೆಮನೆಯ ಹಿಂಬಾಗಿಲಿಗೆ ಎಳೆದು ತಂದಳು. ತೊಳೆಯುವ ತೊಟ್ಟಿಯ ಮುಂದೆ ಗೊಚಾ ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ.

"ಈ ಕ್ಷಣ ನಿನ್ನನ್ನ ಮನೆಯಿಂದ ಆಚೆ ಹಾಕಬಲ್ಲೆ, ಗೊತ್ತಾ?"

"ಗೊತ್ತು. ಬಟ್ಟೆ ಕಟ್ಟಿಟ್ಟೇ ಬಂದಿದ್ದೀನಿ."

ಓರ್ನೆಲ್ಲಾ ಹಿಡಿದಿದ್ದ ರಟ್ಟೆ ಬಿಟ್ಟಳು. ಅವಳ ದನಿ ಇಳಿಯಿತು. "ಒಂದೇ ಒಂದು ಮಾತು ನಿಜ ಹೇಳು. ಇಷ್ಟು ದಿನ ನಮ್ಮಮ್ಮನ ಬಾಯಿಗೆ ತುತ್ತಿಟ್ಟೆಯಲ್ಲ, ಅದು ಅವಳ ಮೇಲಿನ ಪ್ರೀತಿಗಾ, ನನ್ನ ಮೇಲಿನ ಹಗೆಗಾ?"

ಪ್ರೀತಿಗೆ ಅನ್ನು ತಾಯಿ, ಅಂದುಬಿಡು, ಕೆಲಸ ಉಳಿಯುತ್ತದೆ ಎಂದು ಗೊಚಾ ಊರಿನ ಸಂತರಿಗೆಲ್ಲ ಹರಕೆ ಹೊತ್ತ.

"ಹಗೆಗೆ" ಎಂದಳು ಲಮಾರಾ. "ಪ್ರೀತಿಗೆ ಮಾಡಿದ್ರೆ ಇಷ್ಟು ರುಚಿ ಎಲ್ಲಿ ಬರ್ತಿತ್ತು?"